ಓಪನ್ ಸೋರ್ಸ್‌ಗೆ ಕೊಡುಗೆ: ಕೋಡ್ ಬರುವವರಿಗೆ ಮಾತ್ರವೇ?

"ಅಕ್ಕ, ರೆಸ್ಯೂಮೆಯಲ್ಲಿ ಓಪನ್ ಸೋರ್ಸ್ ಅಂತ ಒಂದು ಸಾಲು ಇರ್ಬೇಕಂತೆ. ಅದು ಹೇಗೆ ಮಾಡುದು?" ಬಿ.ಸಿ. ರೋಡಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಹೀಗೆ ಕೇಳಿದವನು ಮೂಡುಬಿದಿರೆಯಲ್ಲಿ ಇಂಜಿನಿಯರಿಂಗ್ ಓದುತ್ತಿರುವ ನೆಂಟರ ಹುಡುಗ. ಪಕ್ಕದಲ್ಲಿದ್ದ ಅವನ ಅಮ್ಮ ಬೆಳ್ತಂಗಡಿ ತಾಲೂಕಿನ ಶಾಲೆಯೊಂದರಲ್ಲಿ ಕನ್ನಡ ಟೀಚರ್. "ಅದೆಲ್ಲ ಕಂಪ್ಯೂಟರ್‌ನವರ ವಿಷಯ, ನಮಗೆಂತ ಗೊತ್ತುಂಟು" ಎಂದು ಅವರು ನಕ್ಕರು.

ಓಪನ್ ಸೋರ್ಸ್ ಬಗ್ಗೆ ಇರುವ ಎರಡು ದೊಡ್ಡ ತಪ್ಪು ತಿಳಿವಳಿಕೆಗಳು ಈ ಎರಡು ಮಾತುಗಳಲ್ಲೇ ಇವೆ. ಒಂದು, ಅದು ಸರ್ಟಿಫಿಕೇಟಿನಂತೆ ಸಂಪಾದಿಸಿ ಇಟ್ಟುಕೊಳ್ಳುವ ವಸ್ತು ಎನ್ನುವುದು. ಇನ್ನೊಂದು, ಕೋಡ್ ಬಾರದವರಿಗೆ ಅಲ್ಲಿ ಕೆಲಸವೇ ಇಲ್ಲ ಎನ್ನುವುದು. ನಿಜ ಹೇಳಬೇಕೆಂದರೆ, ಆ ದಿನ ನಮ್ಮ ಮೂವರಲ್ಲಿ ಒಂದು ತಂತ್ರಾಂಶಕ್ಕೆ ಬೇಗ ಉಪಯೋಗಕ್ಕೆ ಬರಬಹುದಾಗಿದ್ದವರು ಟೀಚರ್ ಅವರೇ. ಯಾಕೆ ಎಂದು ನೋಡೋಣ.

ಪುಕ್ಕಟೆ ಬೇರೆ, ಮುಕ್ತ ಬೇರೆ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ವಾಟ್ಸ್ಆಪ್‌ಗೆ ನಾವು ದುಡ್ಡು ಕೊಡುವುದಿಲ್ಲ. ಹಾಗೆಂದು ಅದು ಓಪನ್ ಸೋರ್ಸ್ ಅಲ್ಲ. ಅದರ ಒಳಗಿನ ಬರಹ, ಅಂದರೆ ಸೋರ್ಸ್ ಕೋಡ್, ಕಂಪನಿಯ ಬಳಿಯೇ ಇರುತ್ತದೆ. ಫೈರ್‌ಫಾಕ್ಸ್ ಬ್ರೌಸರ್, ವಿಎಲ್‌ಸಿ ಪ್ಲೇಯರ್, ಲಿಬ್ರೆಆಫೀಸ್, ವಿಕಿಪೀಡಿಯದ ಹಿಂದಿರುವ ಮೀಡಿಯಾವಿಕಿ ಇವುಗಳ ಕಥೆ ಬೇರೆ. ಇವುಗಳ ಕೋಡನ್ನು ಯಾರು ಬೇಕಾದರೂ ಓದಬಹುದು, ಪ್ರತಿ ಮಾಡಿಕೊಳ್ಳಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು. ಯಾವ ಷರತ್ತಿನ ಮೇಲೆ ಎನ್ನುವುದನ್ನು ಜೊತೆಗಿರುವ ಪರವಾನಗಿ ಹೇಳುತ್ತದೆ. ಪರವಾನಗಿಯ ಕಡತವೇ ಇಲ್ಲದ ಕೋಡು ಅಂತರ್ಜಾಲದಲ್ಲಿ ಎಲ್ಲರಿಗೂ ಕಾಣುವಂತಿದ್ದರೂ ಅದು ಓಪನ್ ಸೋರ್ಸ್ ಅಲ್ಲ.

'ಪ್ರತಿ ಮಾಡುವುದು' ಎಂದಾಗ ನನಗೆ ಮೂಡುಬಿದಿರೆಯದ್ದೇ ಒಂದು ಪ್ರಸಂಗ ನೆನಪಾಗುತ್ತದೆ. ಜೈನರ ಪ್ರಾಚೀನ ಧವಲಾ ಗ್ರಂಥಗಳ ತಾಳೆಗರಿಗಳು ಶತಮಾನಗಳ ಕಾಲ ಉಳಿದದ್ದು ಅಲ್ಲಿನ ಬಸದಿಯಲ್ಲಿ. ಪ್ರತಿ ಮಾಡುವ ಕೆಲಸ ಶುರುವಾದದ್ದು 19ನೇ ಶತಮಾನದ ಕೊನೆಯಲ್ಲಿ. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ. ಪ್ರತಿಯಿಂದ ಪ್ರತಿ ಮಾಡುವಾಗ ನುಸುಳಿದ ತಪ್ಪುಗಳನ್ನು ಮೂಲದೊಂದಿಗೆ ಹೋಲಿಸಿ ತಿದ್ದುವುದೇ ಸಂಪಾದಕರಿಗೆ ದೊಡ್ಡ ತಲೆನೋವು. ಈಗಿನ ತಂತ್ರಾಂಶಗಳಲ್ಲಿ ಈ ತಲೆನೋವನ್ನು ನೋಡಿಕೊಳ್ಳುವುದು 'ಗಿಟ್'. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಬರೆದ ವ್ಯವಸ್ಥೆ ಇದು. ಗಿಟ್‌ನಲ್ಲಿ ಪ್ರತಿ ಮಾಡಿಕೊಂಡವರ ಬಳಿ ಸಾಮಾನ್ಯವಾಗಿ ಇಡೀ ಕೋಡು ಮಾತ್ರವಲ್ಲ, ಯಾವ ಸಾಲನ್ನು ಯಾರು, ಯಾವ ದಿನ, ಯಾಕೆ ಬದಲಿಸಿದರು ಎಂಬ ಪೂರ್ತಿ ಚರಿತ್ರೆಯೂ ಇರುತ್ತದೆ. ಹೀಗಾಗಿ ಒಂದು ಪ್ರತಿ ಹಾಳಾದರೆ ಎಲ್ಲವೂ ಹೋಯಿತು ಎನ್ನುವ ಭಯವಿಲ್ಲ. ತಪ್ಪು ಮಾಡಿದರೂ ಹಿಂದಕ್ಕೆ ಹೋಗಬಹುದು. ಹೊಸಬರು ಮೊದಲು ತಿಳಿಯಬೇಕಾದ ಮಾತು ಇದೇ: ನೀವು ಮೂಲವನ್ನು ಹಾಳು ಮಾಡಲು ಸಾಧ್ಯವಿಲ್ಲ, ಏಕೆಂದರೆ ನೀವು ಮುಟ್ಟುವುದು ನಿಮ್ಮ ಪ್ರತಿಯನ್ನು.

ತುಳು ವಿಕಿಪೀಡಿಯ ಹೇಳುವ ಪಾಠ

2016ರ ಆಗಸ್ಟಿನಲ್ಲಿ ಚಂಡೀಗಢದಲ್ಲಿ ನಡೆದ ವಿಕಿ ಸಮ್ಮೇಳನದಲ್ಲಿ ತುಳು ವಿಕಿಪೀಡಿಯ ಅಧಿಕೃತವಾಗಿ ಶುರುವಾಯಿತು. ಅದಕ್ಕೆ ಮೊದಲು ಅದು ವರ್ಷಗಟ್ಟಲೆ 'ಇನ್‌ಕ್ಯುಬೇಟರ್' ಎಂಬ ಪರೀಕ್ಷಾ ತಾಣದಲ್ಲಿತ್ತು. ಈ ಸುದ್ದಿಯನ್ನು ನಾವು ಲೇಖನಗಳ ಸುದ್ದಿಯಾಗಿ ಮಾತ್ರ ಓದಿದೆವು. ಅದರ ಹಿಂದೆ ತಂತ್ರಾಂಶದ ಕೆಲಸವೂ ಇತ್ತು.

ಒಂದು ಭಾಷೆಗೆ ಹೊಸದಾಗಿ ವಿಕಿಪೀಡಿಯ ಬೇಕೆಂದರೆ ಲೇಖನಗಳಿದ್ದರೆ ಸಾಲದು. ಮೀಡಿಯಾವಿಕಿ ತಂತ್ರಾಂಶದಲ್ಲಿ ಅತಿ ಹೆಚ್ಚು ಬಳಕೆಯಾಗುವ ನೂರಾರು ಸಂದೇಶಗಳು ಆ ಭಾಷೆಗೆ ಅನುವಾದವಾಗಿರಬೇಕು ಎಂಬ ನಿಯಮವಿದೆ. 'ಹುಡುಕಿ', 'ಪುಟ ಉಳಿಸಿ', 'ಇತ್ತೀಚಿನ ಬದಲಾವಣೆಗಳು', 'ನಿಮ್ಮ ಗುಪ್ತಪದ ತಪ್ಪಾಗಿದೆ' ಇಂಥವು. ಈ ಕೆಲಸ ನಡೆಯುವುದು ಟ್ರಾನ್ಸ್‌ಲೇಟ್‌ವಿಕಿ ಎಂಬ ತಾಣದಲ್ಲಿ. ಎಡಕ್ಕೆ ಇಂಗ್ಲಿಷ್ ಸಾಲು, ಬಲಕ್ಕೆ ಖಾಲಿ ಪೆಟ್ಟಿಗೆ. ಅಲ್ಲಿ ತುಳುವಿನಲ್ಲಿ ತುಂಬಿದ ಸಾಲು ಕೆಲವು ದಿನಗಳಲ್ಲಿ ಮೀಡಿಯಾವಿಕಿಯ ಕೋಡಿನ ಭಾಗವಾಗುತ್ತದೆ. ತುಳುವಿನ ಅಂತರರಾಷ್ಟ್ರೀಯ ಭಾಷಾ ಸಂಕೇತ 'ಟಿಸಿವೈ'. ಆ ಹೆಸರಿನ ಕಡತದಲ್ಲಿ ಆ ಸಾಲು ಹೋಗಿ ಕೂರುತ್ತದೆ. ಅದನ್ನು ತುಂಬಿದವರು ಒಂದು ಸಾಲೂ ಕೋಡ್ ಬರೆಯದೆ ಜಗತ್ತಿನ ದೊಡ್ಡ ಓಪನ್ ಸೋರ್ಸ್ ಯೋಜನೆಯೊಂದಕ್ಕೆ ಕೊಡುಗೆ ಕೊಟ್ಟಂತಾಯಿತು.

ಸುಲಭ ಎಂದುಕೊಂಡಿರಾ? ಕನ್ನಡದ ಉದಾಹರಣೆಯನ್ನೇ ತೆಗೆದುಕೊಳ್ಳಿ. ತಂತ್ರಾಂಶದ ಸಂದೇಶಗಳಲ್ಲಿ $1, $2 ಎಂಬ ಖಾಲಿ ಜಾಗಗಳಿರುತ್ತವೆ. ಬಳಸುವ ಹೊತ್ತಿಗೆ ಅಲ್ಲಿ ಪುಟದ ಹೆಸರೋ ವ್ಯಕ್ತಿಯ ಹೆಸರೋ ಬಂದು ಕೂರುತ್ತದೆ. 'ಇದನ್ನು ಅಲ್ಲಿಗೆ ಸ್ಥಳಾಂತರಿಸಲಾಗಿದೆ' ಎಂಬರ್ಥದ ಇಂಗ್ಲಿಷ್ ವಾಕ್ಯದಲ್ಲಿ ಹೆಸರು ಯಾವುದಾದರೂ ವ್ಯಾಕರಣ ಕೆಡುವುದಿಲ್ಲ. ಕನ್ನಡದಲ್ಲಿ ಕೆಡುತ್ತದೆ. ಊರು ಇದ್ದರೆ 'ಊರನ್ನು', ನದಿ ಇದ್ದರೆ 'ನದಿಯನ್ನು', ಮರ ಇದ್ದರೆ 'ಮರವನ್ನು'. ವಿಭಕ್ತಿ ಪ್ರತ್ಯಯ ಹೆಸರಿಗೇ ಅಂಟಿಕೊಳ್ಳುತ್ತದೆ, ಹೆಸರಿನ ಕೊನೆ ನೋಡಿ ರೂಪ ಬದಲಿಸುತ್ತದೆ. ಯಂತ್ರಕ್ಕೆ ಇದು ತಾನಾಗಿ ಗೊತ್ತಾಗುವುದಿಲ್ಲ. '$1 ಅನ್ನು $2 ಗೆ' ಎಂದು ಬರೆದರೆ ಪರದೆಯ ಮೇಲೆ 'ನೇತ್ರಾವತಿ ಅನ್ನು' ಎಂಬ ಮುರುಕು ಕನ್ನಡ ಬರುತ್ತದೆ. ಅನುಭವಿಗಳು ಇದಕ್ಕೆ ಉಪಾಯ ಕಂಡುಕೊಂಡಿದ್ದಾರೆ. '$1 ಪುಟವನ್ನು $2 ಎಂಬ ಹೆಸರಿಗೆ ಸ್ಥಳಾಂತರಿಸಲಾಗಿದೆ' ಎಂದು ಬರೆದರೆ ಪ್ರತ್ಯಯದ ಭಾರ 'ಪುಟ' ಮತ್ತು 'ಹೆಸರು' ಎಂಬ ಪದಗಳ ಮೇಲೆ ಬೀಳುತ್ತದೆ, ನಡುವೆ ಯಾವ ಹೆಸರು ಬಂದರೂ ವಾಕ್ಯ ನಿಲ್ಲುತ್ತದೆ. ಹಾಗೆಯೇ 'ಸೇರಿಸಿದನು, ಸೇರಿಸಿದಳು' ಎಂಬ ಲಿಂಗದ ತೊಡಕಿಗೆ 'ಸೇರಿಸಿದ್ದಾರೆ' ಎಂಬ ಗೌರವದ ರೂಪ ಪರಿಹಾರ.

ತುಳುವಿನಲ್ಲಿ ತೊಡಕು ಇನ್ನೂ ಒಂದು ಹೆಜ್ಜೆ ಮುಂದೆ. 'ಯಾನ್ ಬತ್ತೆ' ಎಂದರೆ ನಾನು ಬಂದೆ, 'ಆಯೆ ಬತ್ತೆ' ಎಂದರೆ ಅವನು ಬಂದ. ಬಾಯಲ್ಲಿ ಹೇಳುವಾಗ ಎರಡು 'ಎ'ಕಾರಗಳೂ ಬೇರೆ ಬೇರೆ. ಒಂದು ಬಾಯಿ ಅಗಲಿಸಿ ಹೇಳುವುದು, ಇನ್ನೊಂದು ಹಾಗಲ್ಲ. ಕನ್ನಡ ಲಿಪಿಯಲ್ಲಿ ಬರೆದಾಗ ಎರಡೂ ಒಂದೇ. ಯಾರು ಎಂಬುದು ವಾಕ್ಯದಲ್ಲೇ ಇದ್ದರೆ ತೊಂದರೆಯಿಲ್ಲ. ಒಂದೇ ಪದದ ಬಟನ್ನಿನಲ್ಲಿ ಅಥವಾ ಪುಟ್ಟ ಸಂದೇಶದಲ್ಲಿ ಓದುವವರು ತಬ್ಬಿಬ್ಬಾಗಬಹುದು. ಇದನ್ನು ಅಮೆರಿಕದಲ್ಲೋ ಜರ್ಮನಿಯಲ್ಲೋ ಕುಳಿತ ಪ್ರೋಗ್ರಾಮರ್ ಎಷ್ಟೇ ಜಾಣನಾದರೂ ಹಿಡಿಯಲಾರ. ವೇಣೂರಿನಲ್ಲೋ ವಿಟ್ಲದಲ್ಲೋ ತುಳು ಮಾತಾಡಿ ಬೆಳೆದವರು ಓದಿದ ಕೂಡಲೇ ಹಿಡಿಯುತ್ತಾರೆ. ಟೀಚರ್ ಬಗ್ಗೆ ನಾನು ಹೇಳಿದ್ದು ಇದಕ್ಕೇ. ವಿಭಕ್ತಿ ಪಾಠ ಮಾಡುವವರಿಗಿಂತ ಈ ಕೆಲಸಕ್ಕೆ ಬೇರೆ ಯಾರು ಬೇಕು?

ನಾನು ಮಾಡಿದ ಎಡವಟ್ಟು

ನನ್ನ ಮೊದಲ ಪ್ರಯತ್ನದ ಕಥೆ ಹೇಳಿಬಿಡುತ್ತೇನೆ. ಎಂ.ಎ. ಓದುವಾಗ ಒಂದು ಸಣ್ಣ ಮುಕ್ತ ಆಪ್‌ನ ಕನ್ನಡ ಅನುವಾದ ಅರ್ಧಕ್ಕೆ ನಿಂತಿರುವುದು ಕಂಡಿತು. ಒಂದೇ ರಾತ್ರಿಯಲ್ಲಿ ಉಳಿದ ಸಾಲುಗಳನ್ನೆಲ್ಲ ಯಂತ್ರಾನುವಾದಕ್ಕೆ ಹಾಕಿ, ಮೇಲೆ ಮೇಲೆ ನೋಡಿ ಸೇರಿಸಿದೆ. ನೂರು ಪ್ರತಿಶತ ಎಂದು ಹಸಿರು ಪಟ್ಟಿ ಬಂದಾಗ ಆದ ಸಂತೋಷ ಹೇಳತೀರದು. ಮುಂದಿನ ಆವೃತ್ತಿ ಬಂದಾಗ ನೋಡಿದರೆ 'ಓಪನ್' ಎಂಬ ಬಟನ್ ಮೇಲೆ 'ತೆರೆಯಿರಿ' ಎಂದಿರಬೇಕಾದಲ್ಲಿ 'ತೆರೆದಿದೆ' ಎಂದಿತ್ತು. 'ಹೋಮ್' ಇದ್ದಲ್ಲಿ 'ಮನೆ' ಎಂದಿತ್ತು. ಮೇ ತಿಂಗಳ ಜಾಗದಲ್ಲಿ 'ಬಹುದು' ಎಂದಿತ್ತು! ಇವು ನಗೆಯ ವಿಷಯ. ನಗು ಬಾರದ್ದೆಂದರೆ, ಒಂದು ಸಾಲಿನಲ್ಲಿ ಖಾಲಿ ಜಾಗದ ಗುರುತನ್ನೇ ನಾನು ಅಳಿಸಿದ್ದೆ. ಅದರಿಂದ ಕನ್ನಡದಲ್ಲಿ ಬಳಸುವವರಿಗೆ ಎಷ್ಟು ಫೈಲ್ ಅಳಿಸಿಹೋಗುತ್ತದೆ ಎಂಬ ಎಚ್ಚರಿಕೆಯಲ್ಲಿ ಸಂಖ್ಯೆಯೇ ಕಾಣುತ್ತಿರಲಿಲ್ಲ. ಅದನ್ನು ತಿದ್ದಲು ಇನ್ನೊಬ್ಬ ಕನ್ನಡಿಗರು ತಮ್ಮ ವಾರಾಂತ್ಯ ಕಳೆದರು. ನನ್ನನ್ನು ಬೈಯಲಿಲ್ಲ. ಪ್ರತಿ ಸಂದೇಶದ ಕೆಳಗೆ ಅದು ಎಲ್ಲಿ ಬರುತ್ತದೆ ಎಂಬ ವಿವರಣೆ ಇರುತ್ತದೆ, ಅದನ್ನು ಮೊದಲು ಓದಿ ಎಂದಷ್ಟೇ ಬರೆದರು.

ಕನ್ನಡದಲ್ಲಿ ಇದರ ಪರಿಣಾಮ ದೊಡ್ಡದು. ಇಂಗ್ಲಿಷಿನಲ್ಲಿ ತಪ್ಪಿದ್ದರೆ ಸಾವಿರ ಜನ ಅದೇ ದಿನ ದೂರು ಕೊಡುತ್ತಾರೆ. ಕನ್ನಡದಲ್ಲಿ ತಪ್ಪಿದ್ದರೆ ಜನ ಸುಮ್ಮನೆ ಫೋನಿನ ಭಾಷೆಯನ್ನು ಇಂಗ್ಲಿಷಿಗೆ ಬದಲಿಸಿಕೊಳ್ಳುತ್ತಾರೆ. ತಪ್ಪು ವರ್ಷಗಟ್ಟಲೆ ಹಾಗೇ ಉಳಿಯುತ್ತದೆ, ಕನ್ನಡದಲ್ಲಿ ಕಂಪ್ಯೂಟರ್ ಬಳಸುವುದೇ ಕಷ್ಟ ಎಂಬ ಇನ್ನೊಂದು ನಂಬಿಕೆಗೆ ಅದು ಗೊಬ್ಬರವಾಗುತ್ತದೆ.

ಅನುವಾದವಲ್ಲದೆ ಇನ್ನೇನು?

ದೋಷ ವರದಿ ಎಲ್ಲಕ್ಕಿಂತ ಸರಳ. ಆದರೆ 'ಆಪ್ ಕೆಲಸ ಮಾಡುವುದಿಲ್ಲ' ಎಂದು ಬರೆಯುವುದು ಡಾಕ್ಟರ ಬಳಿ ಹೋಗಿ 'ಹುಷಾರಿಲ್ಲ' ಎಂದು ಹೇಳಿ ಸುಮ್ಮನೆ ಕೂತಂತೆ. ಏನು ಮಾಡಿದಿರಿ, ಏನಾಗಬೇಕಿತ್ತು, ಏನಾಯಿತು, ಯಾವ ಫೋನ್, ಯಾವ ಆವೃತ್ತಿ, ಮತ್ತೆ ಮಾಡಿದರೆ ಮತ್ತೆ ಹಾಗೇ ಆಗುತ್ತದೆಯೇ, ಇಷ್ಟು ಬೇಕು. ಒಂದು ಸ್ಕ್ರೀನ್‌ಶಾಟ್ ಇದ್ದರೆ ಇನ್ನೂ ಒಳ್ಳೆಯದು. ಬರೆಯುವ ಮೊದಲು ಅದೇ ದೂರು ಈಗಾಗಲೇ ಇದೆಯೇ ಎಂದು ಹುಡುಕಿ.

ಕನ್ನಡದ ಒತ್ತಕ್ಷರಗಳು ಸರಿಯಾಗಿ ಮೂಡುವಂತೆ ಜೋಡಿಸುವ ಕೆಲಸವನ್ನು ಆಂಡ್ರಾಯ್ಡ್, ಫೈರ್‌ಫಾಕ್ಸ್, ಲಿಬ್ರೆಆಫೀಸ್‌ಗಳಲ್ಲಿ ಮಾಡುವುದು ಹಾರ್ಫ್‌ಬಝ್ ಎಂಬ ಮುಕ್ತ ತಂತ್ರಾಂಶ. ಯಾವುದೋ ಫಾಂಟಿನಲ್ಲಿ 'ರ್ಕ' ತಪ್ಪಾಗಿ ಕಂಡರೆ ಅದು ತಪ್ಪು ಎಂದು ಗೊತ್ತಾಗಬೇಕಾದರೆ ಕನ್ನಡ ಓದಲು ಬರಬೇಕು. 2024ರ ಸೆಪ್ಟೆಂಬರಿನಲ್ಲಿ ಬಂದ ಯುನಿಕೋಡ್ 16.0 ಆವೃತ್ತಿಯಲ್ಲಿ ತುಳು-ತಿಗಳಾರಿ ಲಿಪಿಗೆ 80 ಅಕ್ಷರಚಿಹ್ನೆಗಳ ಜಾಗ ಸಿಕ್ಕಿದೆ. ಯುನಿಕೋಡ್‌ನಲ್ಲಿ ಜಾಗ ಸಿಕ್ಕಿತೆಂದರೆ ಸೈಟು ಮಂಜೂರಾಯಿತು ಎಂದಷ್ಟೇ, ಮನೆ ಕಟ್ಟಿ ಆಗಿಲ್ಲ. ಫಾಂಟು, ಕೀಲಿಮಣೆ, ಅಕ್ಷರ ಜೋಡಣೆ, ಪರೀಕ್ಷೆ ಇವೆಲ್ಲ ಬೇಕು. ಹಳೆಯ ಓಲೆಗರಿ ಓದಬಲ್ಲ ಹಿರಿಯರು ನಮ್ಮ ಜಿಲ್ಲೆಯಲ್ಲಿ ಇನ್ನೂ ಇದ್ದಾರೆ. ಪರೀಕ್ಷೆ ಮಾಡಿ ಹೇಳಬಲ್ಲವರು ಅವರೇ, ಮತ್ತು ಅವರಿಗೆ ವಯಸ್ಸಾಗುತ್ತಿದೆ.

ದತ್ತಾಂಶವೂ ಕೊಡುಗೆಯೇ. ವಿ. ಕೃಷ್ಣ ಅವರು ಸುಮಾರು ನಾಲ್ಕು ದಶಕ ಒಬ್ಬರೇ ಕೂತು ಸಿದ್ಧಪಡಿಸಿದ ಒಂದೂವರೆ ಲಕ್ಷ ಪದಗಳ ಕನ್ನಡ-ಇಂಗ್ಲಿಷ್ ನಿಘಂಟು 'ಅಲರ್' ಎಂಬ ಹೆಸರಿನಲ್ಲಿ 2019ರಲ್ಲಿ ಮುಕ್ತ ಪರವಾನಗಿಯಡಿ ಹೊರಬಂತು. ಅದನ್ನು ಈಗ ಯಾರು ಬೇಕಾದರೂ ತಮ್ಮ ಆಪ್‌ನಲ್ಲಿ ಬಳಸಬಹುದು. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಒಂದೇ ಊರಿಗೆ ಕನ್ನಡ ಹೆಸರು, ತುಳು ಹೆಸರು ಎರಡನ್ನೂ ಕೊಡಲು ಅವಕಾಶವಿದೆ. ಮೂಡುಬಿದಿರೆಯನ್ನು ಊರಿನವರು 'ಬೆದ್ರ' ಎನ್ನುವುದು ನಕ್ಷೆಗೂ ಗೊತ್ತಾಗಲಿ.

ಅಂದಹಾಗೆ, ವಿಟ್ಲ ದಾಟಿ ಗಡಿಯಾಚೆಗೆ ಕಾಸರಗೋಡು ಜಿಲ್ಲೆಗೆ ಹೋದರೆ ಸರ್ಕಾರಿ ಶಾಲೆಗಳ ಕಂಪ್ಯೂಟರುಗಳು ಓಡುವುದೇ ಮುಕ್ತ ತಂತ್ರಾಂಶದ ಮೇಲೆ. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳು ಐಸಿಟಿ ಪಾಠ ಕಲಿಯುವುದೂ ಗ್ನೂ-ಲಿನಕ್ಸ್‌ನಲ್ಲಿ. ಆ ಮಕ್ಕಳಿಗೆ ಇದು ಕಂಪ್ಯೂಟರ್‌ನವರ ವಿಷಯವಲ್ಲ, ಕಂಪ್ಯೂಟರ್ ಎಂದರೆ ಇದೇ.

ಕೋಡ್ ಬರೆಯುವವರಿಗೆ

ಈಗ ಹುಡುಗನ ಪ್ರಶ್ನೆಗೆ ಬರೋಣ. ಮೊದಲ ಮಾತು: ನೀವು ದಿನಾ ಬಳಸುವ ತಂತ್ರಾಂಶವನ್ನೇ ಆರಿಸಿ. ಹೆಸರು ದೊಡ್ಡದು ಎಂದು ಆರಿಸಿದರೆ ಅದರ ತೊಂದರೆಗಳು ನಿಮಗೆ ಕಾಣುವುದಿಲ್ಲ. ಹೆಚ್ಚಿನ ಯೋಜನೆಗಳಲ್ಲಿ ಕೊಡುಗೆದಾರರಿಗಾಗಿಯೇ ಬರೆದ ಒಂದು ಮಾರ್ಗದರ್ಶಿ ಕಡತ ಇರುತ್ತದೆ. ಅದನ್ನು ಪೂರ್ತಿ ಓದಿ. ಬಾಕಿ ಕೆಲಸಗಳ ಪಟ್ಟಿಯಲ್ಲಿ 'ಹೊಸಬರಿಗೆ ಒಳ್ಳೆಯದು' ಎಂಬ ಚೀಟಿ ಅಂಟಿಸಿದ ಕೆಲಸಗಳಿರುತ್ತವೆ. ಅದರಲ್ಲಿ ಒಂದನ್ನು ಹಿಡಿದು, 'ಇದನ್ನು ನಾನು ಮಾಡಲೇ?' ಎಂದು ಕೇಳಿ. ಮೂಲದ ಒಂದು ಪ್ರತಿಯನ್ನು ನಿಮ್ಮ ಖಾತೆಗೆ ತೆಗೆದುಕೊಳ್ಳುವುದಕ್ಕೆ ಫೋರ್ಕ್ ಎನ್ನುತ್ತಾರೆ. ಅದರಲ್ಲಿ ಬೇರೆ ಕವಲು ಮಾಡಿ, ತಿದ್ದಿ, ಪರೀಕ್ಷಿಸಿ, 'ಇದನ್ನು ನಿಮ್ಮ ಮೂಲಕ್ಕೆ ಸೇರಿಸಿಕೊಳ್ಳಿ' ಎಂದು ಕಳಿಸುವ ಮನವಿಯೇ ಪುಲ್ ರಿಕ್ವೆಸ್ಟ್. ಒಂದು ಮನವಿಯಲ್ಲಿ ಒಂದೇ ವಿಷಯ ಇರಲಿ. ಏನು ಬದಲಿಸಿದ್ದೀರಿ ಎನ್ನುವುದು ಕೋಡಿನಲ್ಲೇ ಕಾಣುತ್ತದೆ, ಯಾಕೆ ಎನ್ನುವುದನ್ನು ಮಾತಿನಲ್ಲಿ ಬರೆಯಿರಿ.

ಆಮೇಲೆ ಕಾಯಬೇಕು. ಇಲ್ಲಿ ಬಹಳ ಜನ ಬೇಸರಪಟ್ಟುಕೊಳ್ಳುತ್ತಾರೆ. ಆಚೆ ಬದಿಯಲ್ಲಿರುವವರು ಬಹುಪಾಲು ಸಂಬಳವಿಲ್ಲದೆ ದುಡಿಯುವವರು, ಕೆಲಸ ಮುಗಿಸಿ ಬಂದು ರಾತ್ರಿ ಕೂತು ಅಪರಿಚಿತರ ಕೋಡು ಓದುವವರು ಎನ್ನುವುದು ನಮಗೆ ಹೊಳೆಯುವುದಿಲ್ಲ.

ಹೊಳೆಯದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಉದಾಹರಣೆಗಳಿವೆ. ಡಿಜಿಟಲ್‌ಓಶನ್ ಕಂಪನಿ 2014ರಿಂದ ಪ್ರತಿ ಅಕ್ಟೋಬರಿನಲ್ಲಿ ನಡೆಸುವ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ ಇಂತಿಷ್ಟು ಮನವಿ ಕಳಿಸಿದವರಿಗೆ ಟಿ-ಶರ್ಟ್ ಸಿಗುತ್ತಿತ್ತು. 2020ರಲ್ಲಿ ಟಿ-ಶರ್ಟಿನ ಆಸೆಗೆ ಬಂದ ಕಸದ ರಾಶಿ ಎಷ್ಟಿತ್ತೆಂದರೆ, ಒಪ್ಪಿಗೆ ಕೊಟ್ಟ ಯೋಜನೆಗಳಿಗೆ ಮಾತ್ರ ಎಂದು ತಿಂಗಳ ನಡುವೆಯೇ ನಿಯಮ ಬದಲಿಸಬೇಕಾಯಿತು. 2024ರ ಆರಂಭದಲ್ಲಿ ಎಕ್ಸ್‌ಪ್ರೆಸ್ ಎಂಬ ಪ್ರಸಿದ್ಧ ಯೋಜನೆಗೆ ರಾಶಿ ರಾಶಿ ಮನವಿಗಳು ಬಂದವು. ಬದಲಾವಣೆ ಏನು? ಪರಿಚಯ ಪುಟದಲ್ಲಿ ತಮ್ಮ ಹೆಸರು ಸೇರಿಸಿದ್ದು! ಹಿಂದಿ ಟ್ಯುಟೋರಿಯಲ್ ವಿಡಿಯೋ ಒಂದರಲ್ಲಿ ಉದಾಹರಣೆಗೆಂದು ತೋರಿಸಿದ್ದನ್ನು ವಿದ್ಯಾರ್ಥಿಗಳು ಹಾಗೆಯೇ ಮಾಡಿದ್ದರು. ಕಳಿಸಿದವರಲ್ಲಿ ಹೆಚ್ಚಿನವರು ನಮ್ಮ ದೇಶದವರೇ. ಇದನ್ನು ಹೇಳಲು ನನಗೂ ಮುಜುಗರ. ಆದರೆ ತಪ್ಪು ಮಕ್ಕಳದ್ದು ಮಾತ್ರವಲ್ಲ, ಕೊಡುಗೆಯನ್ನು ಎಣಿಕೆಯಾಗಿ ನೋಡಲು ಅವರಿಗೆ ಕಲಿಸಿದವರದ್ದೂ ಹೌದು. ಈಗ ಎಐ ಬರೆದುಕೊಟ್ಟ ವರದಿಗಳು ಈ ರಾಶಿಗೆ ಸೇರಿವೆ. ಕರ್ಲ್ ಎಂಬ ತಂತ್ರಾಂಶದ ಡೇನಿಯಲ್ ಸ್ಟೆನ್‌ಬರ್ಗ್, ಇಲ್ಲದ ದೋಷಗಳ ಬಗ್ಗೆ ಬರುವ ಇಂಥ ಉದ್ದುದ್ದ ವರದಿಗಳನ್ನು ಓದುವುದರಲ್ಲೇ ಸಮಯ ಹೋಗುತ್ತಿದೆ ಎಂದು 2024ರಿಂದ ಬಹಿರಂಗವಾಗಿಯೇ ಹೇಳುತ್ತಿದ್ದಾರೆ.

ದಣಿದ ನಿರ್ವಾಹಕರಿಂದ ಆಗುವ ಅಪಾಯ ಅವರೊಬ್ಬರದ್ದಲ್ಲ. ಎಕ್ಸ್‌ಜೆಡ್ ಎಂಬ, ಫೈಲುಗಳನ್ನು ಕುಗ್ಗಿಸುವ ಸಣ್ಣ ತಂತ್ರಾಂಶ ಲೆಕ್ಕವಿಲ್ಲದಷ್ಟು ಲಿನಕ್ಸ್ ಕಂಪ್ಯೂಟರುಗಳಲ್ಲಿದೆ. ಅದನ್ನು ನೋಡಿಕೊಳ್ಳುತ್ತಿದ್ದವರು ಮುಖ್ಯವಾಗಿ ಒಬ್ಬರೇ. 'ಜಿಯಾ ಟಾನ್' ಎಂಬ ಹೆಸರಿನವರು ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೊಡುಗೆಗಳನ್ನೇ ಕೊಟ್ಟು, ನಂಬಿಕೆ ಗಳಿಸಿ, ಕೊನೆಗೆ ಅದರೊಳಗೆ ಕಳ್ಳಬಾಗಿಲು ಇಟ್ಟರು. ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರಿಗೆ ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದು ವಿಚಿತ್ರ ಅನಿಸಿ ಹುಡುಕಿದ್ದರಿಂದ 2024ರ ಮಾರ್ಚ್ ಕೊನೆಯಲ್ಲಿ ಅದು ಬಯಲಾಯಿತು. ಹೊಸಬರ ಮೊದಲ ಮನವಿಯನ್ನು ಯಾಕೆ ಅಷ್ಟು ಅನುಮಾನದಿಂದ ನೋಡುತ್ತಾರೆ ಎಂದು ಬೇಸರವಾದಾಗ ಈ ಕಥೆ ನೆನಪಿಸಿಕೊಳ್ಳಿ. ಅನುಮಾನ ನಿಮ್ಮ ಮೇಲಲ್ಲ.

ತಿರಸ್ಕಾರವಾದರೂ ಕಾರಣ ಕೇಳಬಹುದು, ಆದರೆ ದಿನಾ ಕೇಳಬಾರದು. ಎರಡು ವಾರ ಬಿಟ್ಟು ಒಮ್ಮೆ ನೆನಪಿಸಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಯೋಜನೆ ಒಂದೆರಡು ವರ್ಷದಿಂದ ಅಲುಗಾಡಿಲ್ಲ ಎಂದು ಕಂಡರೆ ಬೇರೆಡೆಗೆ ಹೋಗುವುದೇ ಜಾಣತನ.

ಎಲ್ಲಿಂದ ಶುರು ಮಾಡುವುದು? ಮೀಡಿಯಾವಿಕಿಗೆ ಟ್ರಾನ್ಸ್‌ಲೇಟ್‌ವಿಕಿ, ಫೈರ್‌ಫಾಕ್ಸ್‌ಗೆ ಮೊಜಿಲ್ಲಾದ ಪೊಂಟೂನ್, ಲಿಬ್ರೆಆಫೀಸ್‌ಗೆ ವೆಬ್ಲೇಟ್. ಮೂರಕ್ಕೂ ಬ್ರೌಸರ್ ಇದ್ದರೆ ಸಾಕು. ದಿನಕ್ಕೆ ಹತ್ತು ಸಾಲು ಮಾಡಿ, ನೂರು ಬೇಡ. ಮೊದಲು ಈಗಾಗಲೇ ಇರುವ ಅನುವಾದಗಳನ್ನು ಓದಿ. 'ಫೈಲ್'ಗೆ 'ಕಡತ' ಎಂದು ಇಟ್ಟುಕೊಂಡಿದ್ದಾರೆಯೇ, 'ಫೈಲ್' ಎಂದೇ ಇಟ್ಟಿದ್ದಾರೆಯೇ ನೋಡಿ. ನಿಮಗೆ ಯಾವುದು ಇಷ್ಟ ಎನ್ನುವುದು ಆಮೇಲಿನ ಮಾತು. ಒಂದೇ ಪರದೆಯಲ್ಲಿ ಎರಡೂ ಇದ್ದರೆ ಬಳಸುವವರಿಗೆ ಅವು ಎರಡು ಬೇರೆ ವಸ್ತುಗಳಂತೆ ಕಾಣುತ್ತವೆ.

ಹುಡುಗ ಕೊನೆಗೆ ಆರಿಸಿಕೊಂಡದ್ದು ತಾನು ದಿನಾ ಬಳಸುವ ಒಂದು ಕೀಬೋರ್ಡ್ ಆಪ್. ಅದರಲ್ಲಿ ಒಂದು ಒತ್ತಕ್ಷರ ಅಳಿಸಲು ಹೋದರೆ ಇಡೀ ಪದ ಹೋಗುತ್ತಿತ್ತು. ವರದಿಯನ್ನು ಅವನು ಇಂಗ್ಲಿಷಿನಲ್ಲಿ ಬರೆದ, ಯಾವ ಯಾವ ಅಕ್ಷರಗಳಲ್ಲಿ ಹಾಗಾಗುತ್ತದೆ ಎಂಬ ಪಟ್ಟಿಯನ್ನು ಅವನಮ್ಮ ಮಾಡಿಕೊಟ್ಟರು. ಮೂರು ವಾರದ ಮೇಲೆ ಉತ್ತರ ಬಂತಂತೆ: ಪಟ್ಟಿ ಬಹಳ ಉಪಯೋಗವಾಯಿತು, ಇನ್ನೂ ಇಂಥ ಅಕ್ಷರಗಳಿದ್ದರೆ ಕಳಿಸಿ. ಟೀಚರ್ ಈಗ ಎರಡನೇ ಪಟ್ಟಿ ಮಾಡುತ್ತಿದ್ದಾರೆ.